ಹಳೇ ಬೇಲಿಯ ಮರ: ಒಲೆಗೆ ಇಡುವ ಮುನ್ನ, ಒಳಗೆ ತರುವ ಮುನ್ನ

ನಮ್ಮದು ಬಯಲುಸೀಮೆಯೂ ಮಲೆನಾಡೂ ಕೂಡುವ ಜಾಗ. ಕಡೂರಿನ ಕಡೆ ತೆಂಗಿನ ತೋಟ, ತರೀಕೆರೆ ಕಡೆ ಅಡಿಕೆ, ಅಜ್ಜಂಪುರದ ಕಡೆ ಈರುಳ್ಳಿ. ಬೆಳೆ ಯಾವುದಾದರೂ ಆಗಲಿ, ಸುತ್ತ ಬೇಲಿಯಂತೂ ಬೇಕೇ ಬೇಕು. ಅದರಲ್ಲೂ ಅಜ್ಜಂಪುರ ಅಮೃತಮಹಲ್ ದನಗಳ ಊರು. 1929ರಿಂದ ಅಲ್ಲಿ ಆ ತಳಿಯ ಸಂವರ್ಧನಾ ಕೇಂದ್ರವೇ ಇದೆ. ದನ ಇದ್ದಲ್ಲಿ ಬೇಲಿ ಇಲ್ಲದೆ ನಡೆಯುತ್ತದೆಯೇ?

ಹಿಂದೆ ಬೇಲಿ ಅಂದರೆ ಕತ್ತಾಳೆ, ಕಳ್ಳಿ, ನಡುನಡುವೆ ಜಾಲಿಯ ಗೂಟ. ತೋಟದ ಸೀಮೆಯಲ್ಲಿ ಅಡಿಕೆ ದಬ್ಬೆ. ಆಮೇಲೆ ಮುಳ್ಳುತಂತಿ ಬಂತು, ಅದಕ್ಕೆ ನೀಲಗಿರಿ, ಸರ್ವೆ ಕಂಬಗಳು ಬಂದವು. ಈಗ ಎಲ್ಲಿ ನೋಡಿದರೂ ಕಲ್ಲುಕಂಬ, ಸಿಮೆಂಟ್ ಕಂಬ. ಕಿತ್ತು ಹಾಕಿದ ಹಳೇ ಮರ ಹಿತ್ತಲಲ್ಲಿ ರಾಶಿ ಬಿದ್ದಿರುತ್ತದೆ. ಸಂಸಾರ ಮಾಡುವವರಿಗೆ ಅದನ್ನು ಸುಮ್ಮನೆ ಬಿಡಲು ಮನಸ್ಸು ಬಾರದು. ಒಂದು ಬೆಂಚಾಗಲಿ, ಇಲ್ಲವೇ ಬಚ್ಚಲೊಲೆಗೆ ಸೌದೆಯಾಗಲಿ ಅನ್ನಿಸುವುದು ಸಹಜವೇ. ಆದರೆ ಸೋದರಿಯರೇ, ಎಲ್ಲ ಬೇಲಿಯ ಮರವೂ ಒಂದೇ ಅಲ್ಲ. ಕೆಲವನ್ನು ಮುಟ್ಟಬಹುದು, ಕೆಲವನ್ನು ಒಲೆಯ ಹತ್ತಿರಕ್ಕೂ ತರಬಾರದು.

ಮೊದಲು ಮರದ ಜಾತಕ ಕೇಳಿ

ಈ ಕಂಬ ಎಲ್ಲಿಂದ ಬಂತು, ಇದಕ್ಕೆ ಏನು ಬಳಿದಿದ್ದರು ಅಂತ ಮನೆಯ ಹಿರಿಯರನ್ನು ವಿಚಾರಿಸಿ. ಸ್ಥೂಲವಾಗಿ ನಾಲ್ಕು ಬಗೆ ಇವೆ.

ಸಾದಾ ಮರ: ಸ್ವಂತ ತೋಟದಲ್ಲಿ ಕಡಿದು ಹಾಗೇ ನೆಟ್ಟ ಜಾಲಿ, ನೀಲಗಿರಿ, ಅಡಿಕೆ ದಬ್ಬೆ. ಬುಡವನ್ನು ಬೆಂಕಿಯಲ್ಲಿ ಸುಟ್ಟು ಕರಿ ಮಾಡಿ ನೆಡುವುದು ಹಳೇ ಪದ್ಧತಿ, ಅದರಿಂದ ತೊಂದರೆ ಇಲ್ಲ. ಇದೇ ಮನೆಗೆಲಸಕ್ಕೆ ಒಳ್ಳೆಯ ಮರ.

ಕಪ್ಪು ಮರ: ರೈಲ್ವೆಯ ಮರದ ಸ್ಲೀಪರುಗಳಿಗೆ ಕ್ರಿಯೋಸೋಟ್ ಎಂಬ ಎಣ್ಣೆಯನ್ನು ಕುಡಿಸುವ ಪದ್ಧತಿ ಇತ್ತು. ಇದು ಕಲ್ಲಿದ್ದಲಿನ ಡಾಂಬರಿನಿಂದ ತೆಗೆದದ್ದು. ಹಳೇ ಸ್ಲೀಪರನ್ನು ಹರಾಜಿನಲ್ಲಿ ತಂದು ಗೇಟಿಗೆ, ಬೇಲಿಗೆ ನೆಟ್ಟವರು ಉಂಟು. ಮರ ಕಪ್ಪಗೆ ಜಿಡ್ಡಾಗಿರುತ್ತದೆ, ಬಿಸಿಲಿಗೆ ಡಾಂಬರಿನ ವಾಸನೆ ಹೊಡೆಯುತ್ತದೆ. ಕೈಗೆ ತಗುಲಿದರೆ ಉರಿ ಬರುತ್ತದೆ. ಇದು ಕ್ಯಾನ್ಸರ್ ತರುವ ಸಂಭವ ಇರುವ ವಸ್ತು ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಹೇಳಿದೆ. ಸುಟ್ಟ ಇಂಜಿನ್ ಆಯಿಲ್ ಬಳಿದ ಕಂಬವನ್ನೂ ಇದೇ ಸಾಲಿಗೆ ಸೇರಿಸಿ.

ಹಸಿರು ಛಾಯೆಯ ಮರ: ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯ ವಿಜ್ಞಾನಿ ಸೊಂಟಿ ಕಾಮೇಶನ್ 1933ರಲ್ಲಿ ಒಂದು ಔಷಧಿ ಕಂಡುಹಿಡಿದರು. ಅದರ ಹೆಸರು ಆಸ್ಕು. ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಮೂರೂ ಸೇರಿದ ಈ ದ್ರಾವಣ ಕುಡಿದ ಮರಕ್ಕೆ ಗೆದ್ದಲು ಹತ್ತಿರ ಸುಳಿಯದು. ನಮ್ಮ ದೇಶದ ಈ ಔಷಧಿ ಪ್ರಪಂಚವನ್ನೇ ಸುತ್ತಿತು. ಆದರೆ ಆರ್ಸೆನಿಕ್ ಅಂದರೆ ನಮ್ಮ ಹಿರಿಯರು ಪಾಷಾಣ ಅನ್ನುತ್ತಿದ್ದರಲ್ಲ, ಅದೇ. ಅಮೆರಿಕದಲ್ಲಿ ಮನೆಬಳಕೆಯ ಮರಕ್ಕೆ ಇದನ್ನು ಹಾಕುವುದನ್ನು 2003ರ ಕೊನೆಗೆ ನಿಲ್ಲಿಸಿದರು. ಹಳೇ ಟೆಲಿಫೋನ್ ಕಂಬ, ಕರೆಂಟ್ ಕಂಬಗಳಲ್ಲಿ ಇದು ಇರಬಹುದು. ಕೊಯ್ದ ತುದಿ ನೋಡಿ: ಹೊರಸುತ್ತು ಹಸಿರು, ತಿರುಳು ಮರದ ಬಣ್ಣ ಇದ್ದರೆ ಅನುಮಾನವೇ ಬೇಡ. ಆದರೆ ವರ್ಷಗಳು ಕಳೆದಂತೆ ಹಸಿರು ಮಾಸಿ ಬೂದುಬಣ್ಣಕ್ಕೆ ತಿರುಗುತ್ತದೆ. ಆದ್ದರಿಂದ ಹಸಿರು ಕಾಣಲಿಲ್ಲ ಅಂತ ನಂಬಬೇಡಿ. ಮೂಲ ತಿಳಿಯದ ಕಂಬವನ್ನು ಔಷಧಿ ಕುಡಿದ ಕಂಬ ಅಂತಲೇ ಲೆಕ್ಕ ಹಾಕಿ.

ಬಣ್ಣ ಬಳಿದ ಮರ: ಹಳೇ ಬಣ್ಣಗಳಲ್ಲಿ ಸೀಸ ಇರುತ್ತಿತ್ತು. ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದು ಎಂಬ ನಿಯಮ ನಮ್ಮಲ್ಲಿ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಳೇ ಬಣ್ಣವನ್ನು ಒಣಗಿದಾಗ ಕೆರೆಯಬೇಡಿ. ಆ ಪುಡಿ ಮಕ್ಕಳ ಹೊಟ್ಟೆಗೆ ಹೋದರೆ ಅವರ ಬುದ್ಧಿಯ ಬೆಳವಣಿಗೆಗೇ ಪೆಟ್ಟು.

ಬೂದಿಯ ಮಾತು

ಇದನ್ನು ದಯವಿಟ್ಟು ಮನಸ್ಸಿಟ್ಟು ಓದಿ. ಅಡುಗೆಗೆ ಗ್ಯಾಸ್ ಬಂದರೂ ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಸ್ನಾನದ ನೀರಿಗೆ ಇನ್ನೂ ಹಂಡೆ ಒಲೆಯೇ. ಬೆಂಕಿಯಲ್ಲಿ ಎಲ್ಲ ವಿಷವೂ ಸುಟ್ಟುಹೋಗುತ್ತದೆ ಅಂತ ನಮ್ಮ ನಂಬಿಕೆ. ಪಾಷಾಣ ಸುಟ್ಟುಹೋಗುವ ಪದಾರ್ಥವಲ್ಲ. ಸ್ವಲ್ಪ ಹೊಗೆಯಲ್ಲಿ ಹೋಗುತ್ತದೆ, ಉಳಿದದ್ದು ಬೂದಿಯಲ್ಲಿ ಕೂರುತ್ತದೆ. ಮರದಲ್ಲಿ ಹರಡಿಕೊಂಡಿದ್ದದ್ದು ಹಿಡಿ ಬೂದಿಗೆ ಬಂದು ಸೇರುತ್ತದೆ.

ಆ ಬೂದಿಯನ್ನು ನಾವು ಏನು ಮಾಡುತ್ತೇವೆ ಹೇಳಿ? ಪಾತ್ರೆ ತಿಕ್ಕುತ್ತೇವೆ. ಹುಳ ಬೀಳದಿರಲಿ ಅಂತ ಬಿತ್ತನೆಯ ಅವರೆಗೆ, ಹೆಸರಿಗೆ ಬೆರೆಸಿಡುತ್ತೇವೆ. ಬದನೆ ಗಿಡಕ್ಕೆ, ಸೊಪ್ಪಿನ ಮಡಿಗೆ ಉದುರಿಸುತ್ತೇವೆ. ಒಲೆಯಿಂದ ತಟ್ಟೆಗೆ ಎಷ್ಟು ಹತ್ತಿರದ ದಾರಿ ನೋಡಿ! ಅದಕ್ಕೇ ಹೇಳುವುದು: ಸಾದಾ ಮರ ಎಂದು ಖಾತ್ರಿ ಇದ್ದರೆ ಮಾತ್ರ ಒಲೆಗೆ. ಉಳಿದ ಮೂರು ಬಗೆಯ ಮರದ ಚಕ್ಕೆಯೂ ಒಲೆಗೆ ಬೇಡ.

ಬಿಚ್ಚುವಾಗ, ಕೊಯ್ಯುವಾಗ

1. ರಾಶಿಗೆ ನೇರ ಕೈಹಾಕಬೇಡಿ. ಚೇಳು, ಹಾವಿಗೆ ಅದು ಮೆಚ್ಚಿನ ಜಾಗ. ಮೊದಲು ಉದ್ದ ಕೋಲಿನಿಂದ ಸರಿಸಿ, ಬಿಸಿಲಿಗೆ ಹರಡಿ. ದಪ್ಪ ಕೈಚೀಲ, ಚಪ್ಪಲಿಯ ಬದಲು ಬೂಟು ಇರಲಿ. ದಬ್ಬೆಯ ಸಿಬರು ಬಲು ಕೆಟ್ಟದ್ದು.

2. ಮುಳ್ಳುತಂತಿ ಹಿಡಿದ ಯು ಮೊಳೆಗಳು ಮರದೊಳಗೆ ಮುರಿದು ಉಳಿದಿರುತ್ತವೆ. ಹಳೇ ರೇಡಿಯೋ ಸ್ಪೀಕರಿನ ಅಯಸ್ಕಾಂತವನ್ನು ಮರದ ಮೇಲೆ ಆಡಿಸಿದರೆ ಎಲ್ಲಿವೆ ಅಂತ ಗೊತ್ತಾಗುತ್ತದೆ. ಗರಗಸಕ್ಕೆ ಕೊಡುವ ಮುಂಚೆ ಎಲ್ಲ ಕಿತ್ತಿರಬೇಕು.

3. ಮೊಳೆ ಚುಚ್ಚಿದರೆ ತಾತ್ಸಾರ ಬೇಡ. ಧನುರ್ವಾಯು ಬರುವುದು ತುಕ್ಕಿನಿಂದಲ್ಲ, ಮಣ್ಣು ಸಗಣಿಯಲ್ಲಿರುವ ರೋಗಾಣುವಿನಿಂದ. ಬೇಲಿಯ ಮೊಳೆಗೆ ಎರಡೂ ಮೆತ್ತಿರುತ್ತವೆ. ಸೋಪು ನೀರಿನಿಂದ ಚೆನ್ನಾಗಿ ತೊಳೆದು, ಅರಿಸಿನ ಮೆತ್ತಿ ಕೂರದೆ, ಅಂದೇ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಬೇಕೇ ಅಂತ ಕೇಳಿ.

4. ನೆಲದೊಳಗಿದ್ದ ಭಾಗವನ್ನೂ ಅದರ ಮೇಲೆ ಒಂದು ಗೇಣನ್ನೂ ಕೊಯ್ದು ತೆಗೆಯಿರಿ. ಗೆದ್ದಲು, ಕೊಳೆತ ಎರಡೂ ಅಲ್ಲೇ. ಹಿಂದೆ ಗೆದ್ದಲಿಗೆಂದು ಬುಡಕ್ಕೆ ಬಿ.ಎಚ್.ಸಿ. ಪುಡಿ ಸುರಿಯುತ್ತಿದ್ದರು. 1997ರಲ್ಲಿ ಅದನ್ನು ನಿಷೇಧಿಸಿದರು. ಅಂಥ ಬುಡದ ತುಂಡೂ ಒಲೆಗೆ ಬೇಡ.

5. ಸಾದಾ ಮರವನ್ನು ಆಚಾರ್ರ ಹತ್ತಿರ ಹತ್ತರಿ ಹೊಡೆಸಿ. ಉಪ್ಪುಕಾಗದ ನೀವೇ ಹಿಡಿಯುವುದಾದರೆ ಮನೆಯ ಹೊರಗೆ, ಗಾಳಿಗೆ ಬೆನ್ನು ಕೊಟ್ಟು, ಮೂಗಿಗೆ ಒಳ್ಳೆಯ ಮಾಸ್ಕ್ ಕಟ್ಟಿ ಮಾಡಿ. ಔಷಧಿಯ ಮರವನ್ನು ಕೊಯ್ಯುವುದೂ ಬೇಡ, ಉಜ್ಜುವುದೂ ಬೇಡ.

6. ಹುಳ ಹಿಡಿಯದಿರಲು ಬಿಳಿಗಾರವನ್ನು ಬಿಸಿನೀರಿನಲ್ಲಿ ಕರಗಿಸಿ ಎರಡು ಮೂರು ಸಲ ಬಳಿಯಬಹುದು. ಮಳೆಗೆ ತೊಳೆದುಹೋಗುವುದರಿಂದ ಒಳಗೆ ಇಡುವ ಸಾಮಾನಿಗೆ ಮಾತ್ರ ಸರಿ. ಬಿಳಿಗಾರವೂ ಮಕ್ಕಳ ಕೈಗೆ ಸಿಗಬಾರದು. ಒಣಗಿದ ಮೇಲೆ ಅಗಸೆ ಎಣ್ಣೆ ತಿಕ್ಕಿದರೆ ಮರ ಜೀವ ಪಡೆಯುತ್ತದೆ. ಎಣ್ಣೆಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಅದು ತಾನಾಗಿಯೇ ಕಾವೇರಿ ಹೊತ್ತಿಕೊಳ್ಳಬಲ್ಲದು. ಬಿಡಿಸಿ ಹೊರಗೆ ಒಣಹಾಕಿ.

ಯಾವುದಕ್ಕೆ ಆದೀತು?

ಸಾದಾ ಮರದಿಂದ ಜಗಲಿಗೆ ಬೆಂಚು, ಚಪ್ಪಲಿ ಗೂಡು, ಹೂಕುಂಡದ ಮೆಟ್ಟಿಲು, ಹೀರೆ ಪಡವಲದ ಚಪ್ಪರ ಎಲ್ಲ ಮಾಡಬಹುದು. ಅಜ್ಜಂಪುರದ ಕಡೆಯವರಿಗೆ ಈರುಳ್ಳಿ ಅಟ್ಟಣೆ ಬಲು ಅನುಕೂಲ. ನೆಲದಿಂದ ಒಂದಡಿ ಎತ್ತರಕ್ಕೆ ಪಟ್ಟಿಗಳನ್ನು ಬೆರಳಗಲ ಬಿಟ್ಟು ಹೊಡೆದರೆ ಕೆಳಗಿನಿಂದ ಗಾಳಿಯಾಡಿ ಈರುಳ್ಳಿ ಬೇಗ ಕೊಳೆಯದು.

ಔಷಧಿಯ ಮರವನ್ನು, ಮೂಲ ತಿಳಿಯದ ಮರವನ್ನು ಕೊಯ್ಯದೆ ಇಡೀ ಕಂಬವಾಗಿಯೇ ಹೊರಗೆ ಬಳಸಿ. ಗೇಟಿನ ಕಂಬವಾಗಲಿ, ಬಟ್ಟೆ ಒಣಹಾಕುವ ತಂತಿಯ ಕಂಬವಾಗಲಿ. ಕಪ್ಪು ಜಿಡ್ಡಿನ ಕಂಬ ಮಾತ್ರ ಕೈ, ಬಟ್ಟೆ ತಾಗದ ಕಡೆಗೇ ಇರಲಿ. ಬಾವಿಯಿಂದ, ತರಕಾರಿ ಮಡಿಯಿಂದ, ದನದ ಗೋದಲಿಯಿಂದ ಎಲ್ಲವೂ ದೂರ.

ಯಾವ ಬೇಲಿಯ ಮರದಿಂದಲೂ ಚಪಾತಿ ಮಣೆ, ತರಕಾರಿ ಹೆಚ್ಚುವ ಮಣೆ, ಮಗುವಿನ ತೊಟ್ಟಿಲು, ಆಟದ ಸಾಮಾನು ಮಾಡಿಸಬೇಡಿ. ಸಾದಾ ಮರವೇ ಆದರೂ ವರ್ಷಗಟ್ಟಲೆ ತೋಟದ ಔಷಧಿ ಸಿಂಪಡಣೆಯ ಹನಿ ಅದರ ಮೇಲೆ ಬಿದ್ದಿರುತ್ತದೆ. ಬಾಯಿಗೆ ಹೋಗುವುದಕ್ಕೆ, ಮಗು ಕಚ್ಚುವುದಕ್ಕೆ ಹೊಸ ಮರವೇ ಇರಲಿ. ಉಳಿತಾಯ ಮಾಡಲು ಬೇರೆ ನೂರು ದಾರಿ ಇವೆ.

ಬೇಲಿಯೇ ಎದ್ದು ಹೊಲ ಮೇಯ್ದಂತೆ ಅನ್ನುವ ಗಾದೆ ನಮಗೆಲ್ಲ ಗೊತ್ತು. ಇಷ್ಟು ವರ್ಷ ತೋಟ ಕಾಯ್ದ ಬೇಲಿ ಮನೆಯೊಳಗೆ ಬಂದು ಮಕ್ಕಳನ್ನು ಮೇಯದ ಹಾಗೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ. ಈ ಸಲ ಹಂಡೆ ಒಲೆಗೆ ಕಟ್ಟಿಗೆ ಇಡುವಾಗ ಒಂದು ನಿಮಿಷ ನಿಂತು ಮರವನ್ನು ನೋಡಿ, ಮೂಸಿ, ಆಮೇಲೆ ಇಡಿ.