ವಾರ್ಧಕ್ಯದಲ್ಲಿ ಮನೆಯ ಮೇಲೆ ಸೌರಫಲಕ: ಹಾಕಿಸುವುದಕ್ಕೆ ಮುಂಚೆ ನೋಡತಕ್ಕ ಲೆಕ್ಕ

ಚಾಕರಿಯಿಂದ ನಿವೃತ್ತರಾಗಿ ಊರಿಗೆ ಹಿಂದಿರುಗಿದವರೂ, ಸಾಗುವಳಿಯ ಭಾರವನ್ನು ಮಕ್ಕಳಿಗೆ ಒಪ್ಪಿಸಿ ವಿಶ್ರಾಂತಿ ಪಡೆದ ಜಮೀನುದಾರರೂ ಈಚಿನ ವರ್ಷಗಳಲ್ಲಿ ಒಂದು ವಿಷಯವನ್ನು ಮೇಲಿಂದ ಮೇಲೆ ವಿಚಾರಿಸುತ್ತಿರುವರು. ಈ ವಯಸ್ಸಿನಲ್ಲಿ ಮನೆಯ ಮೇಲೆ ಸೌರಫಲಕಗಳನ್ನು ಹಾಕಿಸುವುದು ಲಾಭವೋ ನಷ್ಟವೋ ಎಂಬುದೇ ಆ ವಿಷಯ. ಫಲಕಗಳ ಬಾಳಿಕೆ ಸುಮಾರು ೨೫ ವರ್ಷ. ಹಾಕಿಸುವವರಿಗಾದರೋ ೬೦ ದಾಟಿರುತ್ತದೆ. ಆದುದರಿಂದ ಶಂಕೆ ಹುಟ್ಟುವುದು ಸಹಜವೇ ಸರಿ. ಆದರೆ ಇದಕ್ಕೆ ಉತ್ತರವು ಯಜಮಾನನ ವಯಸ್ಸಿನಲ್ಲಿ ಇಲ್ಲ. ಆ ಮನೆಯ ವಿದ್ಯುಚ್ಛಕ್ತಿಯ ಬಿಲ್ಲಿನಲ್ಲಿ ಇದೆ. ಬಿಲ್ಲನ್ನು ನೋಡದೆ ಕೇವಲ ನೆರೆಮನೆಯನ್ನು ನೋಡಿ ಹಾಕಿಸಿದವರಿಗೆ ಕೂಡಿಟ್ಟ ಹಣ ಛಾವಣಿಯ ಮೇಲೆ ಸಿಕ್ಕಿಬಿದ್ದಂತಾಗುವುದುಂಟು.

೧. ಫಲಕಗಳ ಕೆಲಸ

ಸೂರ್ಯನ ಬೆಳಕು ಬಿದ್ದಾಗ ಫಲಕದಲ್ಲಿ ನೇರಪ್ರವಾಹದ ವಿದ್ಯುತ್ತು ಹುಟ್ಟುತ್ತದೆ. ಇನ್ವರ್ಟರ್ ಎಂಬ ಯಂತ್ರವು ಅದನ್ನು ಮನೆಯ ದೀಪ, ಫ್ಯಾನುಗಳಿಗೆ ಒಗ್ಗುವ ಪರ್ಯಾಯ ಪ್ರವಾಹವನ್ನಾಗಿ ಮಾರ್ಪಡಿಸುತ್ತದೆ. ನಮ್ಮ ಸೀಮೆಯಲ್ಲಿ ಒಂದು ಕಿಲೋವ್ಯಾಟ್ ಫಲಕಗಳು ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು ೪ ಯೂನಿಟ್, ಎಂದರೆ ತಿಂಗಳಿಗೆ ಸುಮಾರು ೧೨೦ ಯೂನಿಟ್ ಕೊಡುತ್ತವೆ. ಇದಕ್ಕೆ ಸುಮಾರು ೧೦೦ ಚದರ ಅಡಿ ನೆರಳಿಲ್ಲದ ಜಾಗ ಬೇಕು. ಚಿತ್ರದುರ್ಗ, ರಾಯಚೂರು, ವಿಜಯಪುರಗಳಂಥ ಬಯಲುಸೀಮೆಯಲ್ಲಿ ಬಿಸಿಲು ಹೆಚ್ಚು ದಿನ ದೊರೆಯುತ್ತದೆ. ಮಲೆನಾಡು, ಕರಾವಳಿಗಳಲ್ಲಿ ಮುಂಗಾರಿನ ತಿಂಗಳುಗಳ ಉತ್ಪತ್ತಿ ಬಹಳವಾಗಿ ತಗ್ಗುತ್ತದೆ.

ಹಗಲಿನಲ್ಲಿ ಮನೆಯವರು ಬಳಸಿ ಮಿಕ್ಕ ವಿದ್ಯುತ್ತು ಬೀದಿಯ ತಂತಿಗೆ ಹೋಗುತ್ತದೆ; ರಾತ್ರಿ ಬೇಕಾದುದು ಅದೇ ತಂತಿಯಿಂದ ಬರುತ್ತದೆ. ಎರಡು ಕಡೆಯ ಲೆಕ್ಕವನ್ನೂ ಇಡುವ ಮೀಟರನ್ನು ವಿದ್ಯುತ್ ಕಂಪನಿಯವರು ಕೂಡಿಸಿ, ಕೊಟ್ಟದ್ದನ್ನು ಪಡೆದದ್ದರಲ್ಲಿ ಕಳೆದು ಬಿಲ್ಲು ಮಾಡುವರು. ನಿಗದಿತ ಶುಲ್ಕವು ಮಾತ್ರ ಫಲಕ ಹಾಕಿಸಿದ ಮೇಲೂ ತಪ್ಪುವುದಿಲ್ಲ.

೨. ಸಹಾಯಧನ

ಕೇಂದ್ರ ಸರ್ಕಾರವು ೨೦೨೪ನೆಯ ಇಸವಿಯ ಫೆಬ್ರವರಿಯಲ್ಲಿ ಪಿ.ಎಂ. ಸೂರ್ಯಘರ್ ಎಂಬ ಯೋಜನೆಯನ್ನು ಆರಂಭಿಸಿತು. ಅದರಂತೆ ಮೊದಲ ಎರಡು ಕಿಲೋವ್ಯಾಟಿಗೆ ತಲಾ ೩೦,೦೦೦ ರೂಪಾಯಿ, ಮೂರನೆಯದಕ್ಕೆ ೧೮,೦೦೦ ರೂಪಾಯಿ, ಒಟ್ಟಿನಲ್ಲಿ ಹೆಚ್ಚೆಂದರೆ ೭೮,೦೦೦ ರೂಪಾಯಿ ಸಹಾಯಧನ ಗೊತ್ತುಮಾಡಲ್ಪಟ್ಟಿತು. ದೇಶದಲ್ಲೇ ತಯಾರಾದ ಫಲಕಗಳನ್ನು ನೋಂದಾಯಿತ ಗುತ್ತಿಗೆದಾರರಿಂದಲೇ ಹಾಕಿಸತಕ್ಕದ್ದು. ಈ ಹಣವು ಕೆಲಸ ಮುಗಿದು ತನಿಖೆಯಾದ ಮೇಲೆ ಅರ್ಜಿದಾರರ ಬ್ಯಾಂಕಿನ ಖಾತೆಗೆ ಬರುವುದರಿಂದ, ಮೊದಲು ಕೈಯಿಂದಲಾದರೂ ಸಾಲದಿಂದಲಾದರೂ ಹಣ ಹೂಡಬೇಕಾಗುತ್ತದೆ ಎಂಬುದನ್ನು ನೆನಪಿನಲ್ಲಿಡಬೇಕು.

೩. ಎರಡು ಮನೆಗಳ ಲೆಕ್ಕ

ಒಂದು ಊರಿನ ಎರಡು ಮನೆಗಳನ್ನು ಉದಾಹರಣೆಗೆ ಭಾವಿಸೋಣ. ಎರಡರಲ್ಲಿಯೂ ಮೂರು ಕಿಲೋವ್ಯಾಟ್ ಫಲಕಗಳಿಗೆ ೧,೮೦,೦೦೦ ರೂಪಾಯಿ ತಗಲಿತೆನ್ನೋಣ. ಸಹಾಯಧನ ಕಳೆದು ಯಜಮಾನನ ಪಾಲಿನ ಖರ್ಚು ೧,೦೨,೦೦೦. ಲೆಕ್ಕದ ಸೌಕರ್ಯಕ್ಕಾಗಿ ಯೂನಿಟ್ಟಿಗೆ ೬ ರೂಪಾಯಿ ದರ ಇಟ್ಟುಕೊಳ್ಳೋಣ. ಓದುಗರು ತಮ್ಮ ಬಿಲ್ಲಿನ ದರವನ್ನೂ ತಮಗೆ ದೊರೆತ ಬೆಲೆಪಟ್ಟಿಯನ್ನೂ ಆ ಸ್ಥಾನದಲ್ಲಿ ಹಾಕಿಕೊಳ್ಳಬಹುದು.

ಮೊದಲನೆಯದು ದೊಡ್ಡ ಕುಟುಂಬದ ಮನೆ. ತಿಂಗಳಿಗೆ ೩೦೦ ಯೂನಿಟ್ ಬಳಕೆ. ಬಿಲ್ಲನ್ನು ಪೂರ್ತಿಯಾಗಿ ಕಟ್ಟುತ್ತಿರುವರು. ಇವರಿಗೆ ತಿಂಗಳಿಗೆ ೧,೮೦೦, ವರ್ಷಕ್ಕೆ ೨೧,೬೦೦ ರೂಪಾಯಿ ಉಳಿಯುತ್ತದೆ. ಇದೇ ಹಣವನ್ನು ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಇಟ್ಟಿದ್ದರೆ, ೨೦೨೪-೨೫ರಲ್ಲಿ ಇದ್ದ ಶೇಕಡಾ ೮.೨ರ ದರದಂತೆ, ವರ್ಷಕ್ಕೆ ಸುಮಾರು ೮,೩೬೦ ರೂಪಾಯಿ ಬಡ್ಡಿ ಬರುತ್ತಿತ್ತು, ಅಸಲೂ ಉಳಿಯುತ್ತಿತ್ತು. ಆ ಬಡ್ಡಿಯನ್ನು ಕಳೆದರೂ ಫಲಕಗಳಿಂದ ವರ್ಷಕ್ಕೆ ಸುಮಾರು ೧೩,೨೪೦ ರೂಪಾಯಿ ಹೆಚ್ಚು ಲಾಭ. ಈ ರೀತಿಯಲ್ಲಿ ಸುಮಾರು ಎಂಟು ವರ್ಷಗಳಲ್ಲಿ ಅಸಲು ತೀರುತ್ತದೆ. ಹತ್ತು ಹನ್ನೆರಡು ವರ್ಷಗಳಿಗೊಮ್ಮೆ ಇನ್ವರ್ಟರನ್ನು ಬದಲಾಯಿಸುವ ಖರ್ಚು ಬರುವುದರಿಂದ ಇನ್ನೆರಡು ವರ್ಷ ಸೇರಿಸಿಕೊಂಡರೂ ೬೨ರಲ್ಲಿ ಹಾಕಿಸಿದವರಿಗೆ ೭೨ರ ಹೊತ್ತಿಗೆ ಹೂಡಿದ ಹಣ ಕೈಸೇರುತ್ತದೆ. ಇಂಥ ಮನೆಗೆ ವಯಸ್ಸು ಅಡ್ಡಿಯಲ್ಲ.

ಎರಡನೆಯದು ದಂಪತಿಗಳಿಬ್ಬರೇ ಇರುವ ಮನೆ. ತಿಂಗಳಿಗೆ ೯೦ ಯೂನಿಟ್ ಬಳಕೆ. ರಾಜ್ಯ ಸರ್ಕಾರದ ಗೃಹಜ್ಯೋತಿ ಯೋಜನೆಯು ೨೦೨೩ನೆಯ ಇಸವಿಯ ಜುಲೈ ತಿಂಗಳ ಬಳಕೆಯಿಂದ ಜಾರಿಗೆ ಬಂದಾಗ, ೨೦೨೨-೨೩ರ ಸರಾಸರಿ ಬಳಕೆಗೆ ಶೇಕಡಾ ೧೦ ಸೇರಿಸಿ, ೨೦೦ ಯೂನಿಟ್ಟಿನ ಮಿತಿಯೊಳಗೆ, ಉಚಿತವೆಂದು ಗೊತ್ತುಮಾಡಿತು. ಈ ಮನೆಯ ಬಿಲ್ಲು ಅದರಿಂದ ಸೊನ್ನೆಯಾಗಿದ್ದರೆ ಫಲಕದಿಂದ ಉಳಿಯುವುದೇನು? ಸೊನ್ನೆಯಲ್ಲಿ ಕಳೆಯುವುದಕ್ಕೆ ಏನೂ ಇಲ್ಲ. ಬೇಸಗೆಯ ಎರಡು ತಿಂಗಳು ಬಳಕೆ ೨೦೦ನ್ನು ಮೀರಿ ೨೫೦ ಯೂನಿಟ್ಟಿಗೆ ಪೂರ್ತಿ ಬಿಲ್ಲು ಬಂದರೂ ವರ್ಷಕ್ಕೆ ೩,೦೦೦ ರೂಪಾಯಿ ಮಾತ್ರ. ಠೇವಣಿಯ ಬಡ್ಡಿ ಅದರ ಎರಡೂವರೆ ಪಾಲಿಗಿಂತ ಅಧಿಕ. ಇಂಥವರು ಪ್ರಕೃತ ಹಣವನ್ನು ಠೇವಣಿಯಲ್ಲೇ ಇರಿಸುವುದು ವಿವೇಕ. ಮುಂದೆ ಯೋಜನೆ ಬದಲಾದರೆ ಆಗ ಪುನಃ ಲೆಕ್ಕಹಾಕಬಹುದು.

ತೋಟದ ಪಂಪುಸೆಟ್ಟಿನ ಸಂಪರ್ಕವು ಬೇರೆ. ಹತ್ತು ಅಶ್ವಶಕ್ತಿಯವರೆಗೆ ಅದರ ವಿದ್ಯುತ್ತು ಉಚಿತವಾಗಿರುವುದರಿಂದ ಅದನ್ನು ಮನೆಯ ಲೆಕ್ಕಕ್ಕೆ ಸೇರಿಸಕೂಡದು.

೪. ವಿದ್ಯುತ್ತು ನಿಂತಾಗ

ಫಲಕಗಳಿದ್ದರೆ ಮನೆಯಲ್ಲಿ ಎಂದಿಗೂ ಕತ್ತಲೆಯಿಲ್ಲವೆಂದು ಅನೇಕರು ಭಾವಿಸಿರುವರು. ಇದು ತಪ್ಪು ತಿಳಿವಳಿಕೆ. ಬ್ಯಾಟರಿ ಇಲ್ಲದ ವ್ಯವಸ್ಥೆಯು ಬೀದಿಯ ತಂತಿಯಲ್ಲಿ ವಿದ್ಯುತ್ತು ನಿಂತೊಡನೆ ತಾನೂ ನಿಲ್ಲುತ್ತದೆ. ತಂತಿಯನ್ನು ಸರಿಪಡಿಸುತ್ತಿರುವ ಲೈನ್‌ಮನ್ನನ ಪ್ರಾಣರಕ್ಷಣೆಗಾಗಿ ಹಾಗೆ ಏರ್ಪಡಿಸಲಾಗಿದೆ. ಹಳ್ಳಿಯಲ್ಲಿ ಕರೆಂಟು ಹೋಗುವ ತೊಂದರೆಯೇ ಮುಖ್ಯವಾಗಿದ್ದರೆ ಬ್ಯಾಟರಿ ಸಹಿತವಾದ ವ್ಯವಸ್ಥೆ ಬೇಕು. ಅದರ ವೆಚ್ಚ ಹೆಚ್ಚು. ಬ್ಯಾಟರಿಗಳನ್ನು ಕಾಲಕಾಲಕ್ಕೆ ಬದಲಾಯಿಸಲೂ ಬೇಕು. ಎರಡು ದೀಪ, ಒಂದು ಫ್ಯಾನಿಗೆ ಚಿಕ್ಕ ಬ್ಯಾಟರಿ ಇನ್ವರ್ಟರೊಂದೇ ಸಾಕಾಗುವುದುಂಟು.

೫. ಛಾವಣಿ ಮತ್ತು ಆರೈಕೆ

ಫಲಕಗಳು ದಕ್ಷಿಣಾಭಿಮುಖವಾಗಿ ವಾಲಿರಬೇಕು. ತೆಂಗಿನ ಗರಿ, ನೀರಿನ ತೊಟ್ಟಿ, ನೆರೆಯ ಮಹಡಿ ಇವುಗಳ ನೆರಳು ಒಂದು ಫಲಕದ ಮೇಲೆ ಬಿದ್ದರೂ ಅದರೊಡನೆ ಸಾಲಿನಲ್ಲಿ ಕೂಡಿಸಿದ ಇತರ ಫಲಕಗಳ ಉತ್ಪತ್ತಿಯೂ ತಗ್ಗಬಹುದು. ಹಳೆಯ ಹೆಂಚಿನ ಮಾಡಿನ ಜಂತೆ, ತೊಲೆಗಳ ಗಟ್ಟಿತನವನ್ನು ಮೊದಲು ಪರೀಕ್ಷಿಸತಕ್ಕದ್ದು. ತಾರಸಿ ಸೋರುತ್ತಿದ್ದರೆ ರಿಪೇರಿಯನ್ನು ಮುಂಚೆಯೇ ಮುಗಿಸಬೇಕು. ಸಿಡಿಲಿನ ರಕ್ಷಣೆ ಮತ್ತು ಭೂಸಂಪರ್ಕದ ತಂತಿ ಅವಶ್ಯ.

ಫಲಕಗಳ ಮೇಲಿನ ಧೂಳನ್ನು ಆಗಾಗ ತೊಳೆಯಬೇಕು. ಆದರೆ ವಯಸ್ಸಾದವರು ಇದಕ್ಕಾಗಿ ಏಣಿ ಹತ್ತಕೂಡದು. ಕೆಳಗಿನಿಂದಲೇ ನೀರು ಹಾಯಿಸುವ ಕೊಳವೆಯನ್ನಾಗಲಿ, ಗೊತ್ತಾದ ಆಳನ್ನಾಗಲಿ ಮೊದಲೇ ಏರ್ಪಡಿಸಿಕೊಳ್ಳಬೇಕು. ಒಮ್ಮೆ ಬಿದ್ದು ಸೊಂಟ ಮುರಿದರೆ ಆಗುವ ವೆಚ್ಚವು ಹಲವು ವರ್ಷಗಳ ಉಳಿತಾಯವನ್ನು ನುಂಗುತ್ತದೆ.

೬. ಕಾಗದಪತ್ರ ಮತ್ತು ವಾರಸುದಾರರು

ಹಳ್ಳಿಗಳಲ್ಲಿ ಮನೆಯ ಆರ್.ಆರ್. ನಂಬರು ತೀರಿಹೋದ ತಂದೆಯ ಅಥವಾ ಅಜ್ಜನ ಹೆಸರಿನಲ್ಲಿಯೇ ಉಳಿದಿರುವುದು ಸಾಮಾನ್ಯ. ಅರ್ಜಿಗೆ ಮೊದಲು ಅದನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳುವುದು ಒಳ್ಳೆಯದು. ಇಲ್ಲದಿದ್ದರೆ ಸಹಾಯಧನಕ್ಕೆ ತೊಡಕಾಗುತ್ತದೆ. ಫಲಕಗಳ ಹಾಗೂ ಇನ್ವರ್ಟರಿನ ಖಾತರಿ ಪತ್ರಗಳನ್ನು ಮಕ್ಕಳಿಗೆ ತಿಳಿದ ಜಾಗದಲ್ಲಿ ಇಡತಕ್ಕದ್ದು.

ತಮ್ಮ ನಂತರ ಆ ಮನೆಯಲ್ಲಿ ವಾಸಿಸುವವರು ಯಾರೆಂಬುದನ್ನೂ ಯೋಚಿಸಬೇಕು. ಮಗನ ಸಂಸಾರ ಅಲ್ಲಿಯೇ ಇರುವುದಾದರೆ ಫಲಕಗಳು ಮುಂದಿನ ತಲೆಮಾರಿಗೂ ಉಪಯುಕ್ತ. ಮಕ್ಕಳು ಪಟ್ಟಣದಲ್ಲಿ ನೆಲೆಸಿ, ತಾವೂ ಕೆಲವು ವರ್ಷಗಳಲ್ಲಿ ಅಲ್ಲಿಗೆ ಹೋಗುವ ಯೋಚನೆಯಿದ್ದರೆ, ಬೀಗ ಹಾಕಿದ ಮನೆಯ ಫಲಕಗಳಿಂದ ಹೆಚ್ಚಿನ ಪ್ರಯೋಜನವಿಲ್ಲ.

೭. ಸಾರಾಂಶ

ಹನ್ನೆರಡು ತಿಂಗಳ ಬಿಲ್ಲುಗಳನ್ನು ಒಟ್ಟುಗೂಡಿಸಿ, ನಿಜವಾಗಿ ಕಟ್ಟಿದ ಹಣವನ್ನು ಕೂಡಿಸಿರಿ. ಅದು ಹೂಡುವ ಹಣದ ಬಡ್ಡಿಯ ಎರಡರಷ್ಟಕ್ಕಿಂತ ಹೆಚ್ಚಿದ್ದು, ಛಾವಣಿ ಗಟ್ಟಿಯಾಗಿದ್ದು, ಮನೆಯಲ್ಲಿ ಹತ್ತು ವರ್ಷವಾದರೂ ಜನವಾಸ ಇರುವುದಾದರೆ ಧೈರ್ಯವಾಗಿ ಹಾಕಿಸಬಹುದು. ಇವುಗಳಲ್ಲಿ ಒಂದಿಲ್ಲದಿದ್ದರೂ ತಡೆಯುವುದು ಮೇಲು. ಔಷಧೋಪಚಾರಕ್ಕೆಂದು ಇಟ್ಟ ಹಣವನ್ನು ಮಾತ್ರ ಯಾವ ಕಾರಣಕ್ಕೂ ಇದಕ್ಕೆ ಹಾಕಕೂಡದು. ೭೫ ವ್ಯಾಟಿನ ಹಳೆಯ ಫ್ಯಾನಿಗೆ ಬದಲಾಗಿ ೩೦ ವ್ಯಾಟಿನ ಹೊಸ ಬಗೆಯದನ್ನು ಹಾಕಿಸುವುದರಿಂದಲೂ, ಸ್ನಾನಕ್ಕೆ ಸೌರ ನೀರೊಲೆಯನ್ನು ಬಳಸುವುದರಿಂದಲೂ ಅಲ್ಪ ವೆಚ್ಚದಲ್ಲಿ ಬಳಕೆ ತಗ್ಗುತ್ತದೆಯಾದ ಕಾರಣ, ಅದನ್ನು ಮೊದಲು ಮಾಡಿ ನೋಡುವುದು ಯುಕ್ತ.

ಗ್ರಾಮದ ಮುಖಂಡರು ಹಾಕಿಸಿದ್ದನ್ನು ನೋಡಿಯೇ ಇತರರೂ ಹಾಕಿಸುವುದು ವಾಡಿಕೆ. ಆದಕಾರಣ ಮುಖಂಡರು ತಮ್ಮ ಫಲಕಗಳನ್ನು ತೋರಿಸುವುದರ ಜೊತೆಗೆ ತಮ್ಮ ಬಿಲ್ಲುಗಳನ್ನೂ ತೋರಿಸಿ, ಪ್ರತಿಯೊಬ್ಬರೂ ಸ್ವಂತ ಲೆಕ್ಕವನ್ನು ಮಾಡಿಕೊಳ್ಳುವಂತೆ ತಿಳಿಯಹೇಳುವುದು ಊರಿಗೆ ಹಿತಕರ.