ಕಾವಲಿಲ್ಲದ ಬಾಗಿಲು

ಕಾಪುವಿನ ಕಡಲತಡಿಯ ಬಂಡೆಯ ಮೇಲೆ 1901ರಲ್ಲಿ ನಿರ್ಮಿತವಾದ ದೀಪಸ್ತಂಭವನ್ನು ಉಡುಪಿಯ ಕಡೆಯವರಲ್ಲಿ ಕಾಣದವರು ವಿರಳ. ಇಂದಿನ ಹಡಗುಗಳು ಉಪಗ್ರಹಗಳ ನೆರವಿನಿಂದಲೇ ತಮ್ಮ ನೆಲೆಯನ್ನು ಅರಿಯಬಲ್ಲವು. ಆದರೂ ಆ ದೀಪವನ್ನು ಆರಿಸಿಲ್ಲ. ಬಳಸುವವರು ಕಡಿಮೆಯಾದರೆಂಬ ಮಾತ್ರಕ್ಕೆ ಒಂದು ವಸ್ತುವನ್ನು ತೆಗೆದುಹಾಕಬೇಕೆ? ಗಣಕಯಂತ್ರಗಳ ಲೋಕದಲ್ಲಿಯೂ ಈ ಪ್ರಶ್ನೆ ಮತ್ತೆ ಮತ್ತೆ ಏಳುತ್ತಿದೆ.

ಗಣಕದ ಯಂತ್ರಭಾಗಗಳನ್ನೂ ಅದರಲ್ಲಿ ನಡೆಯುವ ಕ್ರಮವಿಧಿಗಳನ್ನೂ ಹೊಂದಿಸಿ ನಡೆಸುವುದು ಕಾರ್ಯಾಚರಣ ವ್ಯವಸ್ಥೆಯ ಕೆಲಸ. ಅಂತಹದೊಂದು ವ್ಯವಸ್ಥೆಯ ತಿರುಳಾದ ಲಿನಕ್ಸನ್ನು 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಬರೆಯತೊಡಗಿದರು. ಅದರ ಕೋಡನ್ನು ಯಾರೂ ಓದಬಹುದು, ತಿದ್ದಬಹುದು. ಗಣಕಗಳು ಪರಸ್ಪರ ಮಾತನಾಡುವ ನಾನಾ ಬಗೆಯ ನಿಯಮಾವಳಿಗಳು ಕಾಲಕ್ರಮದಲ್ಲಿ ಅದರೊಳಗೆ ಸೇರಿದವು. ಮುಂದೆ ಅವುಗಳಲ್ಲಿ ಹಲವು ಬಳಕೆ ತಪ್ಪಿದವು. ಕೋಡ್ ಮಾತ್ರ ಉಳಿಯಿತು.

ಉಳಿದರೆ ನಷ್ಟವೇನು? ಒಂದು ನಿದರ್ಶನವನ್ನು ನೋಡೋಣ. ಧ್ವನಿ, ಚಿತ್ರಗಳಂತಹ ಮಾಹಿತಿಯನ್ನು ಜಾಲದಲ್ಲಿ ನೂಕುನುಗ್ಗಲಾಗದಂತೆ ಸಾಗಿಸಲೆಂದು ರೂಪಿಸಿದ ಡಿಸಿಸಿಪಿ ಎಂಬ ನಿಯಮಾವಳಿ 2005ರಲ್ಲಿ ಲಿನಕ್ಸನ್ನು ಸೇರಿತು. ಅದು ಹೆಚ್ಚಾಗಿ ಬಳಕೆಗೆ ಬರಲೇ ಇಲ್ಲ. ಆದರೆ 2017ರಲ್ಲಿ ಅದರೊಳಗೆ ಹತ್ತು ವರ್ಷಕ್ಕೂ ಹಳೆಯದಾದ ದೋಷವೊಂದು ಬಯಲಾಯಿತು. ಒಮ್ಮೆ ಬಿಟ್ಟುಕೊಟ್ಟ ಸ್ಮೃತಿಯ ಭಾಗವನ್ನೇ ಮತ್ತೊಮ್ಮೆ ಬಿಟ್ಟುಕೊಡುವ ತಪ್ಪು ಅದು. ಅದನ್ನು ಬಳಸಿಕೊಂಡು ಯಂತ್ರದ ಸಾಮಾನ್ಯ ಬಳಕೆದಾರನೊಬ್ಬನು ಪೂರ್ಣಾಧಿಕಾರವನ್ನೇ ಕಸಿದುಕೊಳ್ಳಬಹುದಾಗಿತ್ತು. ಯಂತ್ರದ ಒಡೆಯನು ಡಿಸಿಸಿಪಿಯ ಹೆಸರನ್ನೇ ಕೇಳಿಲ್ಲದಿದ್ದರೂ ರಕ್ಷಣೆಯಿರಲಿಲ್ಲ. ಯಾರಾದರೂ ಕೇಳಿದೊಡನೆ ಆ ಕೋಡ್ ತಾನಾಗಿಯೇ ಎಚ್ಚರಗೊಳ್ಳುತ್ತಿತ್ತು. ಮನೆಯವರು ಮರೆತ ಹಿತ್ತಲ ಬಾಗಿಲನ್ನು ಕಳ್ಳನು ಮರೆಯುವುದಿಲ್ಲವಷ್ಟೆ!

ಹಾಗೆಂದು ಕಂಡದ್ದನ್ನೆಲ್ಲ ಕಿತ್ತೆಸೆಯುವುದೂ ವಿವೇಕವಲ್ಲ. ಎಲ್ಲಿಯೋ ಒಂದು ಪ್ರಯೋಗಾಲಯದ ಹಳೆಯ ಉಪಕರಣ ಅದೇ ನಿಯಮಾವಳಿಯನ್ನು ನಂಬಿರಬಹುದು. ಆದುದರಿಂದ ಡಿಸಿಸಿಪಿಯ ವಿಷಯದಲ್ಲಿ 2023ರಲ್ಲೇ ಮುನ್ಸೂಚನೆಯನ್ನು ಕೊಟ್ಟು, 2025ರಲ್ಲಿ ಅದನ್ನು ತೆಗೆಯಲಾಯಿತು. ಇದಕ್ಕೂ ಮೊದಲು, 2022ರಲ್ಲಿ, ಡೆಕ್‌ನೆಟ್ ಎಂಬ ಹಳೆಯ ನಿಯಮಾವಳಿಯ ಕೋಡ್ ಹೊರನಡೆದಿತ್ತು. 2010ರಿಂದ ಅದನ್ನು ನೋಡಿಕೊಳ್ಳುವವರೇ ಇರಲಿಲ್ಲ. ಹೀಗೆ ತೆಗೆದುದು ನಾಶವಾಗುವುದಿಲ್ಲ. ಹಿಂದಿನ ಆವೃತ್ತಿಗಳಲ್ಲಿ ಸುರಕ್ಷಿತವಾಗಿರುತ್ತದೆ, ಬೇಕೆಂದವರು ಮತ್ತೆ ಎತ್ತಿಕೊಳ್ಳಬಹುದು.

ಇದರಿಂದ ನಮಗೆ ತೋರುವುದಿಷ್ಟು: ಎಷ್ಟು ಮಂದಿ ಬಳಸುತ್ತಾರೆ ಎಂಬುದಕ್ಕಿಂತ, ಯಾರು ಕಾಯುತ್ತಾರೆ ಎಂಬುದೇ ಮುಖ್ಯವಾದ ಪ್ರಶ್ನೆ. ಕಾಪುವಿನ ದೀಪ ಉಳಿದಿರುವುದು ಅದನ್ನು ನೋಡಿಕೊಳ್ಳುವವರು ಇರುವುದರಿಂದ. ಕೋಡಿನ ಕಾವಲಿಗೂ ಅಧಿಕಾರಮುದ್ರೆ ಬೇಕಿಲ್ಲ. ಕಲಿಯುವ ಶ್ರದ್ಧೆಯುಳ್ಳ ಮಣಿಪಾಲದ ಒಬ್ಬ ವಿದ್ಯಾರ್ಥಿಯೂ ಅದನ್ನು ವಹಿಸಿಕೊಳ್ಳಬಹುದು. ಅಂಥವರು ಮುಂದೆ ಬಾರದಿದ್ದಾಗ, ಬಾಗಿಲನ್ನು ಮುಚ್ಚಿ ಗೋಡೆ ಕಟ್ಟುವುದೇ ಲೇಸು.