ಹುದ್ದೆ ಅರಸಿ ಹೊರಟ ಮ್ಯಾಕ್ಸ್ ಬಾರ್ನ್

ವಿದೇಶದ ವಿಶ್ವವಿದ್ಯಾಲಯದಲ್ಲಿ ಕೆಲಸ ಎಂದೊಡನೆ ಸುಸಜ್ಜಿತ ಪ್ರಯೋಗಾಲಯ, ಕೈತುಂಬ ಸಂಬಳ ನೆನಪಾಗುತ್ತವೆ. ಆದರೆ ಅಲ್ಲಿ ಪರದೇಶಿ ವಿಜ್ಞಾನಿಯ ಬದುಕನ್ನು ಪ್ರತಿಭೆಯೊಂದೇ ನಿರ್ಧರಿಸುವುದಿಲ್ಲ. ಹುದ್ದೆ ಕಾಯಮ್ಮೇ, ತಾತ್ಕಾಲಿಕವೇ? ಪೌರತ್ವ ಉಂಟೇ? ನಿವೃತ್ತಿಯ ನಂತರ ಪಿಂಚಣಿ ಎಷ್ಟು? ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಈ ಮೂರು ಪ್ರಶ್ನೆಗಳನ್ನೂ ಎದುರಿಸಬೇಕಾಯಿತು.

ಬಾರ್ನ್ 1921ರಿಂದ ಜರ್ಮನಿಯ ಗಾಟಿಂಗೆನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರು. ಕ್ವಾಂಟಮ್ ಬಲವಿಜ್ಞಾನಕ್ಕೆ ರೂಪ ಕೊಟ್ಟವರಲ್ಲಿ ಅವರೂ ಒಬ್ಬರು. 1933ರ ಏಪ್ರಿಲ್‌ನಲ್ಲಿ ನಾಟ್ಸಿ ಸರ್ಕಾರ ಯೆಹೂದಿಗಳನ್ನು ಸರ್ಕಾರಿ ಸೇವೆಯಿಂದ ತೆಗೆಯುವ ಕಾನೂನು ತಂದಿತು. ಯೆಹೂದಿ ಮನೆತನದ ಬಾರ್ನ್ 50ನೆಯ ವಯಸ್ಸಿನಲ್ಲಿ ಹುದ್ದೆ ಕಳೆದುಕೊಂಡರು. ಇಂಗ್ಲೆಂಡಿನ ಕೇಂಬ್ರಿಜ್ ಆಶ್ರಯ ನೀಡಿತು. ಆದರೆ ಅಲ್ಲಿ ಸಿಕ್ಕಿದ್ದು ಮೂರು ವರ್ಷದ ಉಪನ್ಯಾಸಕ ಹುದ್ದೆ ಮಾತ್ರ.

1935ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕ ಸಿ. ವಿ. ರಾಮನ್ ಅವರನ್ನು ಆಹ್ವಾನಿಸಿದರು. ಬಾರ್ನ್ ಇಲ್ಲಿ ಸುಮಾರು ಆರು ತಿಂಗಳು ಇದ್ದರು. ಅವರಿಗೆ ಕಾಯಂ ಪೀಠ ಕೊಡಿಸಲು ರಾಮನ್ ಯತ್ನಿಸಿದಾಗ ಸಂಸ್ಥೆಯೊಳಗೇ ವಿರೋಧ ಎದ್ದಿತು. ತನ್ನ ದೇಶವೇ ಹೊರಗಟ್ಟಿದ ಎರಡನೆಯ ದರ್ಜೆಯ ವಿದೇಶಿ ತಮಗೆ ಬೇಡವೆಂದು ಒಬ್ಬ ಪ್ರಾಧ್ಯಾಪಕರು ಸಭೆಯಲ್ಲಿ ಎದುರಿಗೇ ಹೇಳಿದ್ದನ್ನು ಬಾರ್ನ್ ಮುಂದೆ ಬರೆದಿದ್ದಾರೆ. ಪೀಠ ಕೈಗೂಡಲಿಲ್ಲ.

1936ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಕೊನೆಗೂ ಕಾಯಂ ಪೀಠ ದೊರೆಯಿತು. ಎರಡನೆಯ ಮಹಾಯುದ್ಧದ ಮುನ್ನಾದಿನ, 1939ರ ಆಗಸ್ಟ್ 31ರಂದು, ಅವರು ಬ್ರಿಟಿಷ್ ಪ್ರಜೆಯಾದರು. ಆ ಕಾಗದದ ಬೆಲೆ ಮರುವರ್ಷವೇ ತಿಳಿಯಿತು. ಅವರ ಬಳಿಯೇ ಸಂಶೋಧನೆ ನಡೆಸುತ್ತಿದ್ದ, ಜರ್ಮನಿಯಿಂದಲೇ ಓಡಿಬಂದಿದ್ದ ಕ್ಲೌಸ್ ಫುಕ್ಸ್ ಅವರಿಗೆ ಪೌರತ್ವ ಇನ್ನೂ ಬಂದಿರಲಿಲ್ಲ. 'ಶತ್ರು ದೇಶದವ' ಎಂದು 1940ರಲ್ಲಿ ಅವರನ್ನು ಬಂಧಿಸಿ ಕೆನಡಾದ ಶಿಬಿರಕ್ಕೆ ಸಾಗಿಸಲಾಯಿತು.

ಬಾರ್ನ್ 1953ರಲ್ಲಿ ನಿವೃತ್ತರಾದರು. ಎಡಿನ್‌ಬರೋದ ಸೇವೆ 17 ವರ್ಷ ಮಾತ್ರವಾದ್ದರಿಂದ ಪಿಂಚಣಿ ಚಿಕ್ಕದು. ಅವರು ಜರ್ಮನಿಗೆ ಮರಳಲು ಅದೂ ಒಂದು ಕಾರಣ. ನೊಬೆಲ್ ಪಾರಿತೋಷಕ ಬಂದದ್ದು 1954ರಲ್ಲಿ.

ಇಂದಿನ ಕಾನೂನುಗಳು ಬೇರೆ, ಪ್ರಶ್ನೆಗಳು ಅವೇ. ಡಾಕ್ಟರೇಟ್ ನಂತರದ ಸಂಶೋಧನಾ ಹುದ್ದೆಗಳು ಸಾಮಾನ್ಯವಾಗಿ ಗೊತ್ತಾದ ಅವಧಿಯವು. ಅಮೆರಿಕದ ಎಚ್-1ಬಿ ವೀಸಾ ಕೆಲಸ ಕೊಟ್ಟ ಸಂಸ್ಥೆಗೇ ಅಂಟಿಕೊಂಡಿರುತ್ತದೆ. ಕೆಲಸ ಹೋದರೆ ಬೇರೆ ದಾರಿ ಹುಡುಕಿಕೊಳ್ಳಲು ಹೆಚ್ಚೆಂದರೆ 60 ದಿನ. ಹೊರದೇಶಕ್ಕೆ ಹೊರಡುವ ತರುಣರು ಪ್ರಯೋಗಾಲಯದ ಬಗ್ಗೆ ವಿಚಾರಿಸುವಾಗಲೇ ಹುದ್ದೆಯ ಕರಾರುಪತ್ರವನ್ನೂ ಓದಿಕೊಳ್ಳುವುದು ಒಳ್ಳೆಯದು.